ಇಂಟರ್‌ವ್ಯೂ ಕೋಡ್‌ಗಳು ಇನ್ನೂರು ದಾಟಿವೆ: ಸೇರಿಸೋದು ಯಾವುದು, ಒಡೆಯೋದು ಯಾವುದು?

ಹಿರೇಹಳ್ಳ:

ಎಲ್ಲರಿಗೂ ನಮಸ್ಕಾರ. ಸಮಾಜಕಾರ್ಯದಲ್ಲಿ ಪಿಎಚ್.ಡಿ. ಮಾಡ್ತಿದ್ದೀನಿ. ಕೊಪ್ಪಳ ಕಡೆಯ ಆಶಾ ಕಾರ್ಯಕರ್ತೆಯರು ತಮ್ಮ ದುಡಿಮೆಯಲ್ಲಿ ಯಾವುದನ್ನು ‘ಕೆಲಸ’ ಅಂತ ಎಣಿಸ್ತಾರೆ, ಯಾವುದನ್ನು ಎಣಿಸಲ್ಲ ಅನ್ನೋದು ನನ್ನ ಪ್ರಶ್ನೆ. ಸಂದರ್ಶನಗಳು ಮುಗಿದಿವೆ. ರೆಕಾರ್ಡಿಂಗ್ ಕೇಳಿ, ಅವರಾಡಿದ ಮಾತಿನಲ್ಲೇ ಟೈಪ್ ಮಾಡಿಸಿ, ಸಾಲು ಸಾಲು ಓದಿ, ಪ್ರತಿ ತುಣುಕಿಗೂ ಅದರ ಅರ್ಥ ಹಿಡಿಯೋ ಒಂದು ಚಿಕ್ಕ ಹೆಸರು, ಅಂದರೆ ಕೋಡ್, ಹಾಕಿದ್ದೂ ಆಯ್ತು.

ಈಗ ಪಟ್ಟಿ ಇನ್ನೂರು ದಾಟಿ ಕೂತಿದೆ. ಕೆಲವು ಬರೀ ಒಂದು ಪದ: ‘ತವರು’, ‘ಪೋರ್ಟಲ್’, ‘108’. ಕೆಲವು ಅವರ ಬಾಯಿಂದ ಬಂದ ಮಾತೇ: ‘ಕೇಳಿದ್ರ ಸಿಟ್ಟಾಗ್ತಾರ’. ಇನ್ನು ಕೆಲವು ನಾನು ಓದಿಕೊಂಡಿದ್ದರಿಂದ ಬಂದವು: ‘ಸಬಲೀಕರಣ’, ‘ಭಾವನಾತ್ಮಕ ಶ್ರಮ’. ‘ಪ್ರೋತ್ಸಾಹಧನ ಸಮಸ್ಯೆ’ ಅನ್ನೋ ಒಂದೇ ಕೋಡಿನ ಕೆಳಗೆ ಮೂವತ್ತಕ್ಕೂ ಹೆಚ್ಚು ತುಣುಕುಗಳಿವೆ. ಅದೇ ಹೊತ್ತಿಗೆ ಎಷ್ಟೋ ಕೋಡ್‌ಗಳ ಕೆಳಗೆ ಇರೋದು ಒಂದೇ ಒಂದು ತುಣುಕು.

ಮೂವತ್ತಕ್ಕೆ ಇಳಿಸಿ ಅಂತ ಗೈಡ್ ಹೇಳಿದ್ದಾರೆ. ಹೆಸರು ಒಂದೇ ಥರ ಇರೋದನ್ನೆಲ್ಲ ಸೇರಿಸಿಬಿಟ್ಟರೆ ಸಂಖ್ಯೆ ಇಳಿಯುತ್ತೆ, ಆದರೆ ಅದರ ಜೊತೆ ಏನೋ ಕಳೆದುಹೋಗುತ್ತೆ ಅನ್ನೋ ಅಳುಕು. ಸೇರಿಸೋಕೆ, ಒಡೆಯೋಕೆ, ಬಿಟ್ಟುಬಿಡೋಕೆ ನೀವೆಲ್ಲ ಏನು ಆಧಾರ ಇಟ್ಕೊಳ್ತೀರಿ?

ಎಂಎಸ್‌ಡಬ್ಲ್ಯೂ ಹುಡುಗಿ:

ಅಕ್ಕ, ನಾನೂ ಡೆಸರ್ಟೇಶನ್‌ಗೆ ಇದೇ ಹಂತದಲ್ಲಿದ್ದೀನಿ, ಫಾಲೋ ಮಾಡ್ತೀನಿ. ಕೋಡಿಂಗ್ ಯಾವುದರಲ್ಲಿ ಮಾಡಿದ್ರಿ?

ಹಿರೇಹಳ್ಳ:

ವರ್ಡ್‌ನಲ್ಲಿ ಕಾಮೆಂಟ್ ಹಾಕಿಕೊಂಡು ಹೋದೆ, ಆಮೇಲೆ ಎಲ್ಲವನ್ನೂ ಎಕ್ಸೆಲ್‌ಗೆ ತಂದೆ. ಒಂದು ತುಣುಕಿಗೆ ಒಂದು ಸಾಲು.

ಧಾರವಾಡ ಮೇಷ್ಟ್ರು:

ತಂಗಿ, ಆ ಮೂವತ್ತು ಅನ್ನೋದನ್ನ ಸದ್ಯಕ್ಕೆ ಬದಿಗಿಡ್ರಿ. ಅಧ್ಯಾಯ ಬರಿಯೋ ಹೊತ್ತಿಗೆ ಸಂಖ್ಯೆ ಎಲ್ಲೋ ಒಂದು ಕಡೆ ನಿಲ್ಲತದ.

ಪಟ್ಟಿ ಮುಂದ ಇಟ್ಕೊಂಡು ಹೆಸರಿಗೆ ಹೆಸರು ಜೋಡಿಸೋ ಕೆಲಸ ಮಾತ್ರ ಮಾಡಬ್ಯಾಡ್ರಿ. ಕೋಡಿನ ಹೆಸರು ಇಟ್ಟವರು ನೀವು. ಮೊದಲನೇ ಸಂದರ್ಶನ ಓದುವಾಗ ನಿಮಗಿದ್ದ ತಿಳಿವಳಿಕೆ ಬೇರೆ, ಕೊನೇದು ಓದುವಾಗ ಇದ್ದದ್ದು ಬೇರೆ. ಒಂದೇ ಹೆಸರಿನ ಕೆಳಗ ಎರಡು ಕಾಲದ ತಿಳಿವಳಿಕೆ ಸೇರಿಕೊಂಡಿರ್ತದ. ಹಂಗಾಗಿ ಹೆಸರು ಒಂದೇ ಇದ್ದರೂ ಒಳಗಿನ ಸಂಗತಿ ಬೇರೆ ಇರಬಹುದು, ಹೆಸರು ಬೇರೆ ಇದ್ದರೂ ಒಳಗಿನದು ಒಂದೇ ಇರಬಹುದು. ತೀರ್ಮಾನ ಆಗಬೇಕಾದ್ದು ತುಣುಕುಗಳ ಮ್ಯಾಲ.

ಎಕ್ಸೆಲ್‌ನಾಗ ಕೋಡಿನ ಪ್ರಕಾರ ಸಾರ್ಟ್ ಮಾಡ್ರಿ. ಆಮೇಲೆ ಕೋಡಿನ ಕಾಲಮ್ ಮರೆಮಾಡಿ, ಬರೀ ತುಣುಕುಗಳನ್ನ ಒಂದರ ಹಿಂದೆ ಒಂದು ಓದ್ಕೊಂಡು ಹೋಗ್ರಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇಲ್ಲಿ ಈ ಹೆಣ್ಣುಮಗಳು ಏನು ಮಾಡಾಕತ್ತಾಳ? ‘ಯಾವುದರ ಬಗ್ಗೆ ಹೇಳಾಕತ್ತಾಳ’ ಅಂತ ಕೇಳಿದ್ರ ವಿಷಯದ ಹೆಸರು ಬರ್ತದ, ಪ್ರೋತ್ಸಾಹಧನ, ತವರು, ಪೋರ್ಟಲ್ ಅಂತ. ‘ಏನು ಮಾಡಾಕತ್ತಾಳ’ ಅಂತ ಕೇಳಿದ್ರ ಕ್ರಿಯೆ ಬರ್ತದ. ಸಮಾಜಶಾಸ್ತ್ರಜ್ಞೆ ಕ್ಯಾಥಿ ಚಾರ್ಮಾಜ್ ಕೋಡನ್ನು ಕ್ರಿಯಾಪದದ ರೂಪದಾಗ ಇಡ್ರಿ ಅಂತ ಒತ್ತಿ ಹೇಳೋದು ಇದಕ್ಕ. ನಮಗ ಅದು ಸಲೀಸು: ಕಾಯೋದು, ಬಿಟ್ಟುಕೊಡೋದು, ಮುಚ್ಚಿಡೋದು, ಲೆಕ್ಕ ಇಡೋದು.

ನಿಮ್ಮ ‘ಪ್ರೋತ್ಸಾಹಧನ ಸಮಸ್ಯೆ’ಯಿಂದ ನಾಕೈದು ತುಣುಕು ಇಲ್ಲಿ ಹಾಕ್ರಿ, ಎಲ್ಲಾರೂ ಕೂಡಿ ನೋಡೋಣು. ಊರು, ಹೆಸರು, ಪಿಎಚ್‌ಸಿ ಗುರುತು ಸಿಗೋವಂಥದ್ದು ತಗದು ಹಾಕ್ರಿ.

ಹಿರೇಹಳ್ಳ:

ಹಾಕ್ತೀನಿ ಸರ್. ಗುರುತು ಸಿಗೋದೆಲ್ಲ ತೆಗೆದಿದ್ದೀನಿ. ಈ ಥರ ಬಳಸೋಕೆ ಅವರ ಒಪ್ಪಿಗೆ ಪತ್ರದಲ್ಲಿ ಅನುಮತಿ ಇದೆ.

ಅ) “ಸಹಿ ಮಾಡಾಕ ಸಿಸ್ಟರ್ ಇರಂಗಿಲ್ರಿ. ನಾ ಎಷ್ಟ್ ಸಲ ಸಬ್‌ಸೆಂಟರಿಗೆ ಎಡತಾಕ್ಲಿ. ಅವ್ರ ಸಹಿ ಇಲ್ದ ಫಾರ್ಮು ಮುಂದ ಹೋಗಂಗಿಲ್ಲ.”

ಆ) “ದುಡ್ಡ ಬರ್ತೈತ್ರಿ, ಬರಂಗಿಲ್ಲ ಅನ್ನಂಗಿಲ್ಲ. ಆದ್ರ ಎರಡ್ಮೂರು ತಿಂಗಳ್ದು ಒಮ್ಮೆ ಬೀಳ್ತೈತಿ. ಯಾವ ಬಾಣಂತಿದು, ಯಾವ ಲಸಿಕಿದು ಹೆಂಗ ತಿಳೀಬೇಕು? ಮೆಸೇಜಿನ್ಯಾಗ ಬರೇ ಇಷ್ಟು ಜಮಾ ಅಂತಿರ್ತೈತಿ.”

ಇ) “ಏಳ್ ತಿಂಗಳ ನಾನ ನೋಡ್ಕೊಂಡೆ. ತಾಯಿ ಕಾರ್ಡ್ ಮಾಡ್ಸಿದ್ದು ನಾನ, ಸ್ಕ್ಯಾನಿಂಗಿಗೆ ಕರ್ಕೊಂಡು ಹೋಗಿದ್ದು ನಾನ. ಚೊಚ್ಚಲು ನೋಡ್ರಿ, ತವರಿಗೆ ಹ್ವಾದ್ಲು. ಮುಂದಿಂದೆಲ್ಲ ಅಲ್ಲಿ ಆಶಾ ಹೆಸರಿಗೆ ಆತು.”

ಈ) “ಕೇಳಿದ್ರ ಸಿಟ್ಟಾಗ್ತಾರ್ರಿ. ನಿಂದೊಬ್ಬಾಕಿದ ಏನ ಅಂತಾರ. ಅದಕ್ಕ ಸುಮ್ನಿರ್ತೀನಿ.”

ಉ) “ಡೈರಿಯಾಗ ನಾ ಬರ್ದಿಟ್ಕೊಂತೀನಿ. ತಾರೀಕು, ಹೆಸರು, ಎಷ್ಟು ಬರ್ಬೇಕು. ಬರ್ಲಿ ಬಿಡ್ಲಿ, ನನ್ನ ಲೆಕ್ಕ ನನ್ನತ್ರ ಇರ್ಲಿ.”

ಧಾರವಾಡ ಮೇಷ್ಟ್ರು:

ಇವು ಐದೂ ದುಡ್ಡಿನ ಬಗ್ಗೆ ಅದಾವ. ಆದ್ರ ಒಂದರ ಹಂಗ ಇನ್ನೊಂದಿಲ್ಲ.

ಅ-ದಾಗ ಆಕಿ ಕಾಯಾಕತ್ತಾಳ. ಮಾಡಿದ ಕೆಲಸಕ್ಕ ಇನ್ನೊಬ್ಬರು ಸಾಕ್ಷಿ ಹಾಕಬೇಕು, ಆ ಸಾಕ್ಷಿ ಸಿಗವಲ್ದು. ಆ-ದಾಗ ದುಡ್ಡು ಬಂದದ, ಆದ್ರ ಅದನ್ನ ಓದಾಕ ಬರವಲ್ದು. ಯಾವ ಕೆಲಸಕ್ಕ ಯಾವ ರೊಕ್ಕ ಅನ್ನೋ ಸಂಬಂಧ ಕಡಿದು ಹೋಗೇದ. ಇ-ದಾಗ ಸಮಸ್ಯೆ ಕಚೇರಿದಲ್ಲ, ಪದ್ಧತಿದು. ಚೊಚ್ಚಲ ಹೆರಿಗೆ ತವರಿನಾಗ ಆಗೋದು ನಮ್ಮ ಕಡೆ ರೂಢಿ. ಆಶಾ ವ್ಯವಸ್ಥೆ ಮಾತ್ರ ಒಂದು ಊರು, ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬಾಕಿ ಅನ್ನೋ ಲೆಕ್ಕದ ಮ್ಯಾಲ ನಿಂತದ. ಬಸುರಿ ಊರು ದಾಟಿದ್ಲು ಅಂದ್ರ ಆರೈಕೆ ಇಬ್ಬರ ನಡುವ ಹರಿದು ಹಂಚಿಹೋಗ್ತದ. ಈ-ದಾಗ ಆಕಿ ಸುಮ್ಮನಿರಾಕತ್ತಾಳ, ತಿಳಿದೂ ತಿಳಿದೂ. ಉ-ದಾಗ ಆಕಿ ತನ್ನದೇ ದಾಖಲೆ ಕಟ್ಟಾಕತ್ತಾಳ.

ನಿಮ್ಮ ಪ್ರಶ್ನೆ ಏನಿತ್ತು? ಯಾವುದನ್ನ ಕೆಲಸ ಅಂತ ಎಣಿಸ್ತಾರ ಅಂತಲ್ಲ? ಹಂಗಿದ್ರ ಈ ಐದರೊಳಗ ನಿಮಗ ಬೇಕಾದ್ದು ತುಂಬಿಕೊಂಡದ. ‘ಪ್ರೋತ್ಸಾಹಧನ ಸಮಸ್ಯೆ’ ಅಂತ ಒಂದು ಚೀಟಿ ಅಂಟಿಸಿದ್ದಕ್ಕ ಅದು ಕಾಣವಲ್ದು. ಇದನ್ನ ಒಡೀರಿ. ಮೊದಲ ಹಂತದಾಗ ನಿಮ್ಮ ಪಟ್ಟಿ ಇನ್ನೂ ಬೆಳೀತದ, ಅಂಜಬ್ಯಾಡ್ರಿ.

ಇನ್ನೊಂದು ಕಡೆ ನೋಡ್ರಿ. ‘ಕೇಳಿದ್ರ ಸಿಟ್ಟಾಗ್ತಾರ’ ಅಂತ ಬ್ಯಾರೆ ಕೋಡೂ ಅದ ಅಂದ್ರಿ. ‘ಮೇಡಂ ಭಯ’, ‘ಪಿಎಚ್‌ಸಿ ವರ್ತನೆ’ ಅಂಥವೂ ಇರಬಹುದು. ಅವುಗಳ ತುಣುಕನ್ನ ಈ ಪಕ್ಕ ಇಟ್ಟು ಓದ್ರಿ. ಎಲ್ಲಾದರಾಗೂ ಆಕಿ ಮಾಡೋದು ಸುಮ್ಮನಿರೋದೇ ಆಗಿದ್ರ ಅವನ್ನ ಕೂಡಿಸಬಹುದು.

ಹಿರೇಹಳ್ಳ:

ಸರ್, ಆ ಎರಡೂ ನಿಜವಾಗಿ ಇವೆ, ‘ಸಿಸ್ಟರ್ ಜೊತೆ ಸಂಬಂಧ’ ಅಂತ ಮೂರನೇದೂ ಇದೆ. ಓದಿ ನೋಡಿದೆ. ‘ಮೇಡಂ ಭಯ’ದ ತುಣುಕುಗಳು ಪೂರ್ತಿ ಈ ಕಡೆ ಬರ್ತವೆ. ‘ಸಿಸ್ಟರ್ ಜೊತೆ ಸಂಬಂಧ’ದಲ್ಲಿ ಅರ್ಧ ಮಾತ್ರ. ಉಳಿದರ್ಧದಲ್ಲಿ ಸಿಸ್ಟರ್ ಮತ್ತು ಆಶಾ ಒಂದೇ ಸ್ಕೂಟಿಯಲ್ಲಿ ಲಸಿಕೆಗೆ ಓಡಾಡೋದು, ಒಬ್ಬರ ಕೆಲಸ ಇನ್ನೊಬ್ಬರು ಮಾಡಿಕೊಡೋದು ಇದೆ. ಅದನ್ನು ಭಯದ ಜೊತೆ ಸೇರಿಸೋಕಾಗಲ್ಲ.

ಸಮೀಕ್ಷೆ ಮನೆ:

ಸೇರಿಸೋದು, ಒಡೆಯೋದು ಮಾಡುವಾಗಲೇ ಪ್ರತಿ ಕೋಡಿಗೂ ವ್ಯಾಖ್ಯಾನ ಬರೆದುಬಿಡಿ. ನಾವು ಆರೋಗ್ಯ ಕ್ಷೇತ್ರದಲ್ಲಿ ತಂಡವಾಗಿ ಕೆಲಸ ಮಾಡುವವರು, ನಮಗೆ ಇದಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಲ್ಲ. 1998ರಲ್ಲಿ ಕ್ಯಾಥ್ಲೀನ್ ಮೆಕ್‌ಕ್ವೀನ್ ಮತ್ತು ಅವರ ಸಹೋದ್ಯೋಗಿಗಳು ತಂಡದ ಕೋಡಿಂಗ್‌ಗಾಗಿ ಒಂದು ಕೋಡ್‌ಬುಕ್ ನಮೂನೆ ಕೊಟ್ಟರು. ಕೋಡಿನ ಹೆಸರು, ಚಿಕ್ಕ ಅರ್ಥ, ಪೂರ್ಣ ಅರ್ಥ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಉದಾಹರಣೆ. ನಮ್ಮಲ್ಲಿ ಈಗಲೂ ಅದೇ ನಡೆಯುತ್ತಿದೆ.

ಈ ಆರರಲ್ಲಿ ನಿಜವಾದ ಕೆಲಸ ಮಾಡೋದು ಐದನೆಯದು, ಯಾವಾಗ ಬಳಸಬಾರದು ಅನ್ನೋದು. ಮೇಷ್ಟ್ರು ಒಡೆದ ಮೊದಲ ಕೋಡನ್ನೇ ತಗೊಳ್ಳಿ.

ಹೆಸರು: ಸಹಿಗೆ ಕಾಯೋದು.
ಅರ್ಥ: ಮುಗಿಸಿದ ಕೆಲಸವನ್ನು ಕೆಲಸವೆಂದು ಒಪ್ಪಿಸಲು ಮೇಲಿನವರ ಸಹಿ, ಸೀಲು ಅಥವಾ ಪೋರ್ಟಲ್ ನಮೂದಿಗಾಗಿ ಕಾಯುವುದು, ಅಲೆಯುವುದು.
ಬಳಸಬೇಕಾದಾಗ: ಕೆಲಸ ಮುಗಿದಿದೆ, ಅದರ ದೃಢೀಕರಣ ಬೇರೆಯವರ ಕೈಯಲ್ಲಿದೆ ಎಂದು ಮಾತಿನಲ್ಲೇ ಇದ್ದಾಗ.
ಬಳಸಬಾರದಾಗ: ದೃಢೀಕರಣ ಆಗಿದ್ದು ಹಣ ಮಾತ್ರ ತಡವಾದಾಗ, ಅದು ‘ಓದಲಾಗದ ಜಮೆ’ ಅಥವಾ ‘ತಡವಾದ ಹಣ’ಕ್ಕೆ ಹೋಗಬೇಕು. ಸಹಿ ಕೇಳಲು ಹೆದರಿ ಹೋಗದೇ ಇದ್ದರೆ ‘ಸುಮ್ಮನಿರೋದು’.
ಉದಾಹರಣೆ: ಮೇಲಿನ ಅ.

‘ಬಳಸಬಾರದಾಗ’ ಬರೆಯೋಕೆ ಕೂತು ಪಕ್ಕದ ಕೋಡಿಗೂ ಇದಕ್ಕೂ ಗಡಿ ಹಾಕಲು ಆಗಲೇ ಇಲ್ಲ ಅಂದ್ರೆ ಅವೆರಡನ್ನೂ ಸೇರಿಸೋ ಹೊತ್ತು ಬಂದಿದೆ ಅಂತ ಅರ್ಥ. ಗಡಿ ಸುಲಭವಾಗಿ ಬಿತ್ತು ಅಂದ್ರೆ, ಎರಡರ ಹೆಸರು ಎಷ್ಟೇ ಹೋಲಲಿ, ಬೇರೆಯಾಗೇ ಇಡಿ.

ಇದಾದ ಮೇಲೆ ಇನ್ನೊಬ್ಬರ ಕೈಲಿ ಸ್ವಲ್ಪ ಭಾಗ ಕೋಡ್ ಮಾಡಿಸಿ ಹೊಂದಾಣಿಕೆ ನೋಡಿ. ಬರೀ ಶೇಕಡಾ ನೋಡಬೇಡಿ, ಅದು ಕಣ್ಣಿಗೆ ಮಣ್ಣೆರಚುತ್ತೆ. ಲೆಕ್ಕಕ್ಕೆ 100 ತುಣುಕು ಅಂತಿಟ್ಟುಕೊಳ್ಳಿ. ಒಂದು ಅಪರೂಪದ ಕೋಡನ್ನು ಇಬ್ಬರೂ 5 ಕಡೆ ಹಾಕಿದ್ದಾರೆ, 85 ಕಡೆ ಇಬ್ಬರೂ ಹಾಕಿಲ್ಲ. 5 ಕಡೆ ನೀವು ಮಾತ್ರ ಹಾಕಿದ್ದೀರಿ, ಇನ್ನು 5 ಕಡೆ ಅವರು ಮಾತ್ರ. ಹೊಂದಾಣಿಕೆ ಶೇ 90. ಆದರೆ ಕೋಡ್ ಅಷ್ಟು ಅಪರೂಪವಾದಾಗ ಆಕಸ್ಮಿಕವಾಗಿಯೇ ಶೇ 82 ಹೊಂದಿಕೆಯಾಗುತ್ತೆ. ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಸೂತ್ರ ಆ ಆಕಸ್ಮಿಕವನ್ನು ಕಳೆಯುತ್ತೆ: 0.90ರಲ್ಲಿ 0.82 ಕಳೆದು, 1ರಲ್ಲಿ 0.82 ಕಳೆದು ಉಳಿಯೋ 0.18ರಿಂದ ಭಾಗಿಸಿದರೆ ಸುಮಾರು 0.44. ಲ್ಯಾಂಡಿಸ್ ಮತ್ತು ಕಾಕ್ 1977ರಲ್ಲಿ ಕೊಟ್ಟ ಪಟ್ಟಿಯಲ್ಲಿ ಇದು ಸಾಧಾರಣ ಮಟ್ಟ. ಅಂದರೆ ಆ ಕೋಡಿನ ವ್ಯಾಖ್ಯಾನ ಇನ್ನೂ ಗಟ್ಟಿಯಾಗಬೇಕು.

ನೀಲಿ ಪೆನ್ನು:

ಕೋಡ್‌ಬುಕ್ ಬಗ್ಗೆ ಒಪ್ಪುತ್ತೇನೆ. ಕಪ್ಪಾ ಬಗ್ಗೆ ತಕರಾರಿದೆ. ನೀವು ಮಾಡುತ್ತಿರುವುದು ಯಾವ ಪರಂಪರೆಯ ವಿಶ್ಲೇಷಣೆ ಅನ್ನುವುದು ಮೊದಲು ತೀರ್ಮಾನವಾಗಬೇಕು. ಹಲವರು ಸೇರಿ ದೊಡ್ಡ ದತ್ತಾಂಶಕ್ಕೆ ಕೋಡ್ ಹಾಕುವಾಗ ಎಲ್ಲರೂ ಒಂದೇ ರೀತಿ ಹಾಕಬೇಕು, ಅಲ್ಲಿ ಕಪ್ಪಾ ಸರಿ. ವರ್ಜೀನಿಯಾ ಬ್ರಾನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ಆರು ಹಂತದ ಥೀಮ್ಯಾಟಿಕ್ ವಿಶ್ಲೇಷಣೆಯನ್ನು (ಕೋಡುಗಳಿಂದ ಥೀಮ್, ಅಂದರೆ ಅವುಗಳನ್ನು ಕಟ್ಟಿಹಿಡಿಯುವ ಮುಖ್ಯ ಅರ್ಥ, ಕಂಡುಕೊಳ್ಳುವ ವಿಧಾನ) ಮುಂದಿಟ್ಟು, ಆಮೇಲೆ ಅದನ್ನು ರಿಫ್ಲೆಕ್ಸಿವ್ ಎಂದು ಕರೆದರಲ್ಲ, ಆ ದಾರಿಯಲ್ಲಿ ಸಂಶೋಧಕಿಯ ಓದೇ ಉಪಕರಣ. ಇನ್ನೊಬ್ಬರು ಬೇರೆ ಥರ ಓದಿದರೆ ಅದು ದೋಷವಲ್ಲ. ಅಲ್ಲಿ ಕಪ್ಪಾ ಲೆಕ್ಕ ಹಾಕಿ ಥೀಸಿಸ್‌ನಲ್ಲಿ ಹಾಕಿದರೆ ವೈವಾದಲ್ಲಿ ಬಲ್ಲವರು ಅದನ್ನೇ ಹಿಡಿದು ಕೇಳುತ್ತಾರೆ.

ಎರಡನೆಯ ಓದುಗರು ಬೇಡವೆಂದಲ್ಲ. ಅವರ ಜೊತೆ ಕೂತು ಎಲ್ಲಿ ಬೇರೆಯಾಗಿ ಓದಿದಿರಿ, ಏಕೆ ಎಂದು ಮಾತಾಡಿ, ಅದನ್ನು ಮೆಮೊ ಆಗಿ, ಅಂದರೆ ನಿಮಗಾಗಿಯೇ ಬರೆದುಕೊಳ್ಳುವ ವಿಶ್ಲೇಷಣೆಯ ಟಿಪ್ಪಣಿಯಾಗಿ, ಬರೆದಿಡಿ. ಅಂಕಿಗಿಂತ ಆ ಮಾತುಕತೆ ಹೆಚ್ಚು ಕೊಡುತ್ತದೆ.

ಗೈಡ್ ಹೇಳಿದ ಮೂವತ್ತರ ಬಗ್ಗೆಯೂ ಒಂದು ಮಾತು. ಕೋಡ್‌ಗಳನ್ನು ಗುಂಪು ಮಾಡಿದ ಕೂಡಲೇ ಥೀಮ್ ಆಗುವುದಿಲ್ಲ. ‘ಪ್ರೋತ್ಸಾಹಧನ’, ‘ಮೇಲಧಿಕಾರಿಗಳು’, ‘ಸಮುದಾಯ’ ಎಂಬ ಮೂರು ದೊಡ್ಡ ಪೆಟ್ಟಿಗೆ ಮಾಡಿ ಎಲ್ಲವನ್ನೂ ತುಂಬಿದರೆ ಅದು ವಿಷಯಗಳ ಸಾರಾಂಶ ಮಾತ್ರ. ಎಷ್ಟೋ ಸಲ ಈ ಪೆಟ್ಟಿಗೆಗಳು ಸಂದರ್ಶನದ ಪ್ರಶ್ನಾವಳಿಯ ಶೀರ್ಷಿಕೆಗಳೇ ಆಗಿರುತ್ತವೆ. ಅಂದರೆ ಸಂದರ್ಶನಕ್ಕೆ ಹೋಗುವ ಮೊದಲೇ ಅವು ಗೊತ್ತಿದ್ದವು. ಥೀಮ್‌ಗೆ ಒಂದು ನಡುಗಂಬ ಬೇಕು, ಅದು ಒಂದು ವಾಕ್ಯದಲ್ಲಿ ಏನನ್ನಾದರೂ ಹೇಳಬೇಕು. ‘ಮಾಡಿದ ಕೆಲಸ ತಾನಾಗಿ ಕೆಲಸವಾಗುವುದಿಲ್ಲ, ಇನ್ನೊಬ್ಬರು ಅದನ್ನು ಕೆಲಸವಾಗಿಸಬೇಕು’, ಇದು ಥೀಮ್ ಆಗಬಹುದು. ಸಹಿಗೆ ಕಾಯೋದು, ಓದಲಾಗದ ಜಮೆ, ತವರಿಗೆ ಹೋದ ಕೇಸು, ಡೈರಿ ಲೆಕ್ಕ ನಾಲ್ಕೂ ಇದರ ಸುತ್ತ ನಿಲ್ಲುತ್ತವೆ.

ಬ್ರಾನ್ ಮತ್ತು ಕ್ಲಾರ್ಕ್ ನಾಲ್ಕನೆಯ ಹಂತದಲ್ಲಿ ಥೀಮ್‌ಗಳನ್ನು ಎರಡು ಸಲ ಪರೀಕ್ಷಿಸಿ ಅನ್ನುತ್ತಾರೆ. ಮೊದಲು ಅದರ ಕೆಳಗಿನ ತುಣುಕುಗಳ ಜೊತೆ, ಆಮೇಲೆ ಇಡೀ ದತ್ತಾಂಶದ ಜೊತೆ. ಎರಡನೆಯದನ್ನು ನಮ್ಮಲ್ಲಿ ಬಹಳ ಮಂದಿ ಬಿಟ್ಟುಬಿಡುತ್ತಾರೆ. ಎಲ್ಲ ಟ್ರಾನ್ಸ್‌ಕ್ರಿಪ್ಟ್‌ಗಳನ್ನೂ ಮತ್ತೆ ಓದಬೇಕು ಎಂದರೆ ಯಾರಿಗೂ ಕಷ್ಟವೇ. ಆದರೆ ಹೊಸ ಕೋಡ್ ಹುಟ್ಟಿದ್ದು ಕೊನೆಯ ಸಂದರ್ಶನಗಳನ್ನು ಓದುವಾಗ ಆಗಿದ್ದರೆ, ಮೊದಲನೆಯವುಗಳಲ್ಲಿ ಅದನ್ನು ಯಾರೂ ಹುಡುಕಿಯೇ ಇಲ್ಲ.

ಸಮೀಕ್ಷೆ ಮನೆ:

ಒಬ್ಬರೇ ಮಾಡುವ ಪಿಎಚ್.ಡಿ.ಗೆ ಕಪ್ಪಾ ಕಡ್ಡಾಯ ಅಂತ ನಾನೂ ಹೇಳಲ್ಲ. ಗಡಿ ಎಲ್ಲಿ ಸಡಿಲವಾಗಿದೆ ಅಂತ ತೋರಿಸೋ ಸಾಧನವಾಗಿ ಬಳಸಿ, ಪ್ರಮಾಣಪತ್ರವಾಗಿ ಬೇಡ.

ತುಂಗಾತೀರ:

ಕೋಡ್‌ಗಳನ್ನು ಗುಂಪು ಮಾಡುವಾಗ ಸಾಮಾನ್ಯವಾಗಿ ಒಂದು ಮರ ಬರೆದು, ಮೇಲೆ ದೊಡ್ಡದು ಕೆಳಗೆ ಚಿಕ್ಕದು ಇಡುತ್ತೇವೆ. ಇದು ಅದರ ಒಂದು ಬಗೆ, ಇದು ಇದರ ಒಂದು ಬಗೆ ಎಂದು. ಇನ್ನೊಂದು ಸಂಬಂಧವೂ ಇದೆ: ಇದರಿಂದ ಅದಾಯಿತು. ಅನ್ಸೆಲ್ಮ್ ಸ್ಟ್ರಾಸ್ ಮತ್ತು ಜೂಲಿಯಟ್ ಕಾರ್ಬಿನ್ 1990ರಲ್ಲಿ ಆಕ್ಸಿಯಲ್ ಕೋಡಿಂಗ್ ಎಂದು ಕರೆದದ್ದು ಇದನ್ನೇ. ಯಾವ ಪರಿಸ್ಥಿತಿಯಲ್ಲಿ, ಯಾರು ಏನು ಉಪಾಯ ಮಾಡಿದರು, ಅದರ ಪರಿಣಾಮವೇನು ಎಂದು ಕೋಡ್‌ಗಳನ್ನು ಒಂದು ಅಕ್ಷದ ಸುತ್ತ ಜೋಡಿಸುವುದು.

ನಿಮ್ಮ ಐದು ತುಣುಕಿಗೆ ಹಾಕಿ ನೋಡಿ. ಸಹಿ ಸಿಗದಿರುವುದು, ಜಮೆ ಓದಲಾಗದಿರುವುದು ಪರಿಸ್ಥಿತಿ. ಸುಮ್ಮನಿರುವುದು ಒಬ್ಬಳ ಉಪಾಯ, ಡೈರಿ ಬರೆಯುವುದು ಇನ್ನೊಬ್ಬಳದು. ಎರಡೂ ಒಂದೇ ಪರಿಸ್ಥಿತಿಗೆ ಕೊಟ್ಟ ಎರಡು ಉತ್ತರ. ಮರದಲ್ಲಿ ಇಟ್ಟರೆ ಇವು ಅಕ್ಕಪಕ್ಕದ ಕೊಂಬೆಗಳಾಗಿ ಕಾಣುತ್ತವೆ, ಹೀಗೆ ಇಟ್ಟರೆ ಒಂದು ಕಥೆ ಕಾಣುತ್ತದೆ. ಯಾರು ಸುಮ್ಮನಿರುತ್ತಾರೆ, ಯಾರು ಬರೆದಿಡುತ್ತಾರೆ ಎಂಬ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ.

ಎಲ್ಲವನ್ನೂ ಈ ಚೌಕಟ್ಟಿಗೆ ತುರುಕಬೇಕಿಲ್ಲ. 1967ರಲ್ಲಿ ಸ್ಟ್ರಾಸ್ ಜೊತೆ ಸೇರಿ ದತ್ತಾಂಶದಿಂದಲೇ ಸಿದ್ಧಾಂತ ಕಟ್ಟುವ ಗ್ರೌಂಡೆಡ್ ಥಿಯರಿಯನ್ನು ರೂಪಿಸಿದ ಬಾರ್ನೀ ಗ್ಲೇಸರ್ ಅವರೇ 1992ರಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ದತ್ತಾಂಶ ಹೇಳದ್ದನ್ನು ಬಲವಂತವಾಗಿ ಹೇಳಿಸುತ್ತೀರಿ ಎಂಬುದು ಅವರ ಆಕ್ಷೇಪ. ಆ ಎಚ್ಚರಿಕೆ ಇಟ್ಟುಕೊಂಡೇ ಬಳಸಿ. ‘ಸಬಲೀಕರಣ’ದಂಥ ಹೊರಗಿನ ಕೋಡ್‌ಗಳಿಗೂ ಅದೇ ಪರೀಕ್ಷೆ: ಕೆಳಗಿನ ತುಣುಕುಗಳಲ್ಲಿ ಆಕೆ ಹೇಳಿದ್ದಕ್ಕಿಂತ ಹೆಚ್ಚನ್ನು ಈ ಹೆಸರು ಹೇಳುತ್ತಿದೆಯೇ?

ಯೂನಿಕೋಡ್ ಗೆಳೆಯ:

ಸ್ವಲ್ಪ ಬೇರೆ ವಿಷಯ, ಆದರೆ ಮುಂದೆ ಸಾಫ್ಟ್‌ವೇರ್‌ಗೆ ಹೋಗೋದಾದ್ರೆ ಬೇಕಾಗುತ್ತೆ. ಟೈಪ್ ಮಾಡಿಸಿದ್ದೀನಿ ಅಂದ್ರಲ್ಲ, ಯಾವುದರಲ್ಲಿ? ಡಿಟಿಪಿ ಅಂಗಡಿಗಳಲ್ಲಿ ಈಗಲೂ ಹಳೇ ನುಡಿ, ಶ್ರೀಲಿಪಿ ಫಾಂಟ್‌ನಲ್ಲಿ ಮಾಡಿಕೊಡ್ತಾರೆ. ಅದು ಯೂನಿಕೋಡ್ ಅಲ್ಲ. ವರ್ಡ್‌ನಲ್ಲಿ ಚೆನ್ನಾಗಿ ಕಾಣುತ್ತೆ, ಕೋಡಿಂಗ್ ತಂತ್ರಾಂಶಗಳಾದ ಕ್ವಾಲ್‌ಕೋಡರ್‌ಗೋ ಅಟ್ಲಾಸ್‌ಗೋ ಹಾಕಿದ ತಕ್ಷಣ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ಪರಿವರ್ತಕಗಳಿವೆ, ಹಾಕಿದ ಮೇಲೆ ಕಣ್ಣಾಡಿಸಿ. ಅರ್ಕಾವತ್ತು ಇರೋ ಪದಗಳಲ್ಲಿ ಹೆಚ್ಚು ಎಡವಟ್ಟಾಗುತ್ತೆ. ನಿಮ್ಮ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ‘ಕಾರ್ಯಕರ್ತೆ’, ‘ಗರ್ಭಿಣಿ’, ‘ಸರ್ಕಾರ’, ‘ಕಾರ್ಡ್’ ಪುಟಪುಟಕ್ಕೂ ಇರುತ್ತಲ್ಲ, ಅವನ್ನೇ ನೋಡಿ. ಇದೆಲ್ಲ ಕೋಡ್ ಹಾಕೋಕೆ ಮೊದಲೇ ಮುಗಿಸಿ. ಕ್ವಾಲ್‌ಕೋಡರ್ ಕೋಡನ್ನು ನೆನಪಿಟ್ಟುಕೊಳ್ಳೋದು ಇಷ್ಟನೇ ಅಕ್ಷರದಿಂದ ಇಷ್ಟನೇ ಅಕ್ಷರದವರೆಗೆ ಅಂತ. ಆಮೇಲೆ ಪಠ್ಯ ತಿದ್ದಿದರೆ ಗುರುತು ಜಾರಬಹುದು.

ಹುಡುಕಾಟವನ್ನು ನಂಬಿ ಕೂರಬೇಡಿ. ‘ಹೆರಿಗೆ’ ಅಂತ ಹುಡುಕಿದರೆ ‘ಹೆರಿಗಿ’ ಸಿಗಲ್ಲ, ‘ಡೆಲಿವರಿ’ ಸಿಗಲ್ಲ, ‘ಹಡದ್ಲು’ ಸಿಗಲ್ಲ.

ಎಂಎಸ್‌ಡಬ್ಲ್ಯೂ ಹುಡುಗಿ:

ಸರ್, ಪುಕ್ಕಟೆ ಸಿಗೋದು ಯಾವುದು? ಎನ್‌ವಿವೋ ಲೈಸೆನ್ಸ್ ನಮ್ಮ ವಿಭಾಗದಲ್ಲಿಲ್ಲ.

ಯೂನಿಕೋಡ್ ಗೆಳೆಯ:

ಕ್ವಾಲ್‌ಕೋಡರ್, ಟ್ಯಾಗೆಟ್ ಎರಡೂ ಉಚಿತ, ಮುಕ್ತ ತಂತ್ರಾಂಶ. ಕ್ವಾಲ್‌ಕೋಡರ್‌ನಲ್ಲಿ ಕೋಡ್‌ಗಳನ್ನು ವರ್ಗಗಳ ಕೆಳಗೆ ಜೋಡಿಸಬಹುದು, ಒಂದರೊಳಗೆ ಇನ್ನೊಂದನ್ನು ಸೇರಿಸಲೂಬಹುದು. ಯಾವುದನ್ನೇ ಬಳಸಿ, ಎರಡು ಕೋಡ್ ಸೇರಿಸೋಕೆ ಮೊದಲು ಇಡೀ ಪ್ರಾಜೆಕ್ಟ್‌ನ ಪ್ರತಿ ತೆಗೆದು, ತಾರೀಕು ಹಾಕಿ ಬೇರೆ ಇಡಿ. ಸೇರಿಸೋದು ಒಂದು ಕ್ಲಿಕ್. ಯಾವ ತುಣುಕು ಯಾವ ಕೋಡಿನಿಂದ ಬಂತು ಅಂತ ಆಮೇಲೆ ಬಿಡಿಸೋಕೆ ಕೂತರೆ ಮತ್ತೆ ಮೊದಲಿಂದ ಓದಬೇಕಾಗುತ್ತೆ. ಎಕ್ಸೆಲ್‌ನಲ್ಲಾದರೆ ‘ಹಳೇ ಕೋಡ್’ ಅನ್ನೋ ಕಾಲಮ್ ಅಳಿಸದೆ ಪಕ್ಕದಲ್ಲೇ ‘ಹೊಸ ಕೋಡ್’ ಕಾಲಮ್ ಹಾಕಿ ಅಕ್ಕ, ಸಾಕು.

ಧಾರವಾಡ ಮೇಷ್ಟ್ರು:

ಪ್ರತಿ ಇಡೋ ಮಾತು ಬಂತಲ್ಲ, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಸಂಗತಿ ಹೇಳಲೇಬೇಕು. 1948ರಾಗ ಮೈಸೂರಿನ ಹತ್ತರದ ಒಂದು ಹಳ್ಳಿಯೊಳಗಿದ್ದು ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನ ಅವರು ವರ್ಷಗಟ್ಟಲೆ ಸಂಸ್ಕರಿಸಿ ವಿಂಗಡಿಸಿ ಇಟ್ಟಿದ್ರು. ನಾವು ಇವತ್ತು ಕೋಡಿಂಗ್ ಅನ್ನೋ ಕೆಲಸಕ್ಕ ಬಹಳ ಹತ್ತರದ್ದು. 1970ರ ಏಪ್ರಿಲ್‌ನಾಗ ಅವರು ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಯೊಳಗ ಆ ಸಂಸ್ಕರಿಸಿದ ಟಿಪ್ಪಣಿಯ ಮೂರೂ ಪ್ರತಿ ಸುಟ್ಟುಹೋದವು, ಮೂರೂ ಅಲ್ಲೇ ಇದ್ದವು. ಮೂಲ ಕ್ಷೇತ್ರ ಟಿಪ್ಪಣಿ ದೆಹಲಿಯಲ್ಲಿದ್ದವು, ಉಳಿದವು. ಆಮೇಲೆ ಆ ಹಳ್ಳಿಯ ಬಗ್ಗೆ ಹೆಚ್ಚಾಗಿ ನೆನಪಿನಿಂದಲೇ ಬರೆದ ಪುಸ್ತಕ 1976ರಾಗ ಬಂತು.

ಮೂಲ ಒಂದು ಕಡೆ, ಸಂಸ್ಕರಿಸಿದ್ದು ಇನ್ನೊಂದು ಕಡೆ, ಎರಡೂ ಒಂದೇ ಲ್ಯಾಪ್‌ಟಾಪಿನಾಗ ಬ್ಯಾಡ. ನಾನು ಇದಕ್ಕ ಇನ್ನೊಂದು ಕೂಡಸ್ತೀನಿ. ಮೆಮೊ ಮೂರನೇ ಕಡೆ ಇರಲಿ. ಎರಡು ಕೋಡ್ ಕೂಡಿಸಿದ್ರಿ ಅಂದ್ರ ತಾರೀಕು ಹಾಕಿ ಎರಡು ಸಾಲು: ಯಾವುದನ್ನ ಯಾವುದರೊಳಗ ಕೂಡಿಸಿದೆ, ಯಾವ ತುಣುಕು ನೋಡಿ ಹಂಗ ಅನ್ನಿಸ್ತು. ಥೀಸಿಸ್‌ನ ವಿಧಾನದ ಅಧ್ಯಾಯ ಬರಿಯುವಾಗ ಎಷ್ಟೋ ಮಂದಿ ‘ಕೋಡ್‌ಗಳನ್ನು ಪರಿಷ್ಕರಿಸಿ ಥೀಮ್‌ಗಳನ್ನು ಗುರುತಿಸಲಾಯಿತು’ ಅಂತ ಒಂದು ಸಾಲು ಬರೆದು ಮುಗಸ್ತಾರ. ಹೆಂಗ ಪರಿಷ್ಕರಿಸಿದ್ರಿ ಅಂದ್ರ ಹೇಳಾಕ ಏನೂ ಇರಂಗಿಲ್ಲ. ಆ ಎರಡೆರಡು ಸಾಲು ಕೂಡಿದ್ರ ವಿಧಾನದ ಅಧ್ಯಾಯ ಆಗಲೇ ಅರ್ಧ ಬರೆದಂಗ.

ಹಿರೇಹಳ್ಳ:

ಎಲ್ಲರಿಗೂ ವಂದನೆ. ಎಲ್ಲ ಓದಿ, ಕೂತು ಕೆಲಸ ಮಾಡಿ ಈಗ ಮತ್ತೆ ಬಂದೆ. ಫೈಲು ನುಡಿಯ ಯೂನಿಕೋಡ್‌ನಲ್ಲೇ ಇದೆ, ಆ ಗಂಡಾಂತರ ಇಲ್ಲ.

‘ಪ್ರೋತ್ಸಾಹಧನ ಸಮಸ್ಯೆ’ ಅನ್ನೋ ಕೋಡ್ ಈಗ ಇಲ್ಲ, ಅದು ಆರಾಗಿ ಒಡೆದಿದೆ. ‘ತವರು’ ಅಂತಿದ್ದದ್ದು ‘ಊರು ದಾಟಿದ ಆರೈಕೆ’ ಆಗಿದೆ. ಅದರೊಳಗೆ ಕೈತಪ್ಪಿಹೋದ ಬಸುರಿಯರಷ್ಟೇ ಅಲ್ಲ, ಬೇರೆ ಊರಿಂದ ಇಲ್ಲಿಗೆ ಹೆರಿಗೆಗೆ ಬಂದ ಮನೆಮಗಳನ್ನು ನೋಡಿಕೊಳ್ಳೋದೂ ಸೇರಿದೆ. ಸಾಂಸ್ಥಿಕ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಬಾಣಂತಿ ಮನೆಗೆ ಹೋಗಬೇಕು, ಎಲ್ಲ ಭೇಟಿ ಮುಗಿದರೆ 250 ರೂಪಾಯಿ. ಬಾಣಂತಿ ನಡುವೆ ಗಂಡನ ಮನೆಗೆ ಹೊರಟುಬಿಟ್ಟರೆ ಈ ಕಡೆಯವಳ ಭೇಟಿಗಳು ಅರ್ಧಕ್ಕೇ ನಿಲ್ತವೆ. ಇದನ್ನು ನಷ್ಟ ಅಂತ ಹೇಳಿದವರಿದ್ದಾರೆ. ‘ಅವ್ರೂ ಆಶಾನ ಅಲ್ರಿ, ಆಕಿಗೆ ಫೋನ್ ಹಚ್ಚಿ ಹೇಳ್ತೀನಿ’ ಅಂದವರೂ ಇದ್ದಾರೆ. ಇಬ್ಬರನ್ನೂ ಒಂದೇ ಕೋಡಲ್ಲಿಟ್ಟು ಒಳಗೆ ಎರಡು ಉಪಕೋಡ್ ಮಾಡಿದ್ದೀನಿ.

ಒಂದೊಂದೇ ತುಣುಕಿರೋ ಕೋಡ್‌ಗಳಲ್ಲಿ ಬಹಳಷ್ಟು ಬೇರೆ ಕಡೆ ಸೇರಿಕೊಂಡವು. ಒಂದು ಮಾತ್ರ ಎಲ್ಲಿಗೂ ಹೋಗ್ತಿಲ್ಲ. “ರೊಕ್ಕ ಬರ್ಲಿ ಬಿಡ್ಲಿ, ಊರಾಗ ನನ್ನ ಮಾತು ನಡೀತೈತಿ. ಅತ್ತಿ ಸೊಸಿ ಜಗಳ ಆದ್ರೂ ನನ್ನ ಕರೀತಾರ.” ಉಳಿದ ಯಾರೂ ಹೀಗೆ ಹೇಳಿಲ್ಲ. ಬಿಟ್ಟುಬಿಡಲಾ?

ನೀಲಿ ಪೆನ್ನು:

ಖಂಡಿತ ಬಿಡಬೇಡಿ. ಎಷ್ಟು ಸಲ ಬಂತು ಎಂಬುದರ ಮೇಲೆ ಕೋಡಿನ ಬೆಲೆ ಕಟ್ಟಬಾರದು. ನಿಮ್ಮ ಪ್ರಶ್ನೆ ಯಾವುದು ಕೆಲಸ ಎಂಬುದು. ಅತ್ತೆ ಸೊಸೆ ಜಗಳ ಬಿಡಿಸುವುದಕ್ಕೆ ಯಾವ ಫಾರ್ಮೂ ಇಲ್ಲ, ಯಾರ ಸಹಿಯೂ ಬೇಡ, ಆದರೂ ಆಕೆ ಅದನ್ನು ತನ್ನ ಹೆಸರಿಗೆ ಬರೆದುಕೊಂಡಿದ್ದಾಳೆ. ನೀವು ಕಟ್ಟುತ್ತಿರುವ ಥೀಮ್‌ಗೆ ಇದು ಎದುರು ನಿಲ್ಲುವ ಮಾತು. ಥೀಮ್ ಗಟ್ಟಿಯೋ ಅಲ್ಲವೋ ಎಂದು ತೋರಿಸುವುದು ಇಂಥದ್ದೇ.

ಸಮೀಕ್ಷೆ ಮನೆ:

ಒಂದೇ ಇದೆ ಅನ್ನೋದನ್ನೂ ಪರೀಕ್ಷಿಸಿ. ಗೆಸ್ಟ್, ಬನ್ಸ್, ಜಾನ್ಸನ್ 2006ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಘಾನಾ ಮತ್ತು ನೈಜೀರಿಯಾದ ಅರವತ್ತು ಸಂದರ್ಶನಗಳಿದ್ದವು. ಘಾನಾದ ಸಂದರ್ಶನಗಳಿಂದ ಬಂದ 109 ಕೋಡ್‌ಗಳಲ್ಲಿ 80 ಮೊದಲ ಆರು ಸಂದರ್ಶನದಲ್ಲೇ ಬಂದಿದ್ದವು, ಹನ್ನೆರಡು ಮುಗಿಯೋ ಹೊತ್ತಿಗೆ 100. ತಡವಾಗಿ ಹುಟ್ಟೋ ಕೋಡ್ ಕಡಿಮೆ, ಆದರೆ ಹುಟ್ಟಿದಾಗ ಹಿಂದಿನವುಗಳಿಗೆ ಹೋಗಿ ನೋಡಲೇಬೇಕು. ಒಂದು ಕೋಷ್ಟಕ ಮಾಡಿ. ಅಡ್ಡಸಾಲಿಗೆ ಒಬ್ಬ ಆಶಾ, ಕಂಬಸಾಲಿಗೆ ಒಂದು ಕೋಡ್, ಮನೆಯೊಳಗೆ ಅವರು ಹೇಳಿದ್ದರ ಒಂದು ಸಾಲಿನ ಸಾರ. ಬ್ರಿಟನ್ನಿನಲ್ಲಿ ಜೇನ್ ರಿಚ್ಚಿ ಮತ್ತು ಲಿಜ್ ಸ್ಪೆನ್ಸರ್ ರೂಪಿಸಿದ ಫ್ರೇಮ್‌ವರ್ಕ್ ವಿಧಾನ ಇದು. ಖಾಲಿ ಉಳಿದ ಮನೆ ನೋಡಿ: ಅವರು ಹೇಳಲಿಲ್ಲವೋ, ನೀವು ಕೇಳಲಿಲ್ಲವೋ?

ಹಿರೇಹಳ್ಳ:

ಕೋಷ್ಟಕ ಮಾಡಿದೆ, ಮೊದಲ ಸಂದರ್ಶನಗಳನ್ನು ಪೂರ್ತಿ ಮತ್ತೆ ಓದಿದೆ. ಆ ಥರದ ಮಾತು ಇನ್ನೂ ಮೂರು ಕಡೆ ಸಿಕ್ಕಿತು. ಎರಡು ‘ಸಬಲೀಕರಣ’ದ ಕೆಳಗಿದ್ದವು, ತುಂಗಾತೀರ ಸರ್ ಹೇಳಿದ ಹಾಗೆ ಆ ಹೆಸರೇ ಅವನ್ನು ಮುಚ್ಚಿಟ್ಟಿತ್ತು. ಇನ್ನೊಂದಕ್ಕೆ ಕೋಡೇ ಬಿದ್ದಿರಲಿಲ್ಲ. ಈಗ ‘ಊರಾಗ ಮಾತು ನಡೆಯೋದು’ ಅಂತ ಕೋಡ್ ಮಾಡಿ, ‘ಸಬಲೀಕರಣ’ವನ್ನು ತೆಗೆದಿದ್ದೀನಿ.

ಕೋಷ್ಟಕದಲ್ಲಿ ಇನ್ನೊಂದು ಕಂಡಿತು. ಊರಲ್ಲಿ ಮಾತು ನಡೆಯುತ್ತೆ ಅಂದ ನಾಲ್ವರಲ್ಲಿ ಇಬ್ಬರ ಸಾಲಲ್ಲೇ ‘ಸುಮ್ಮನಿರೋದು’ ಕೂಡ ತುಂಬಿದೆ. “ಕೇಳಿದ್ರ ಸಿಟ್ಟಾಗ್ತಾರ್ರಿ” ಅಂದವಳೂ ಅವರಲ್ಲಿ ಒಬ್ಬಳು. ಇವೆರಡನ್ನೂ ಒಂದು ಕೋಡಿನಡಿ ತರಬೇಕಾ?

ಧಾರವಾಡ ಮೇಷ್ಟ್ರು:

ಬ್ಯಾಡ ತಂಗಿ. ಎರಡೂ ಬ್ಯಾರೆ ಇರಲಿ. ‘ಬಳಸಬಾರದಾಗ’ ಬರೆದು ನೋಡ್ರಿ, ಗಡಿ ತಾನ ಬೀಳತದ: ಒಂದು ಊರಾಗ, ಒಂದು ಪಿಎಚ್‌ಸಿಯೊಳಗ. ಕೂಡಿಸಿದ್ರ ಒಬ್ಬಾಕಿನೇ ಎರಡು ಜಾಗಾದಾಗ ಎರಡು ಥರ ಇರ್ತಾಳ ಅನ್ನೋದು ಕಾಣದಂಗಾಗ್ತದ. ಎರಡನ್ನೂ ಜೋಡಿಸೋ ಒಂದು ಉದ್ದ ಮೆಮೊ ಬರೀರಿ. ಆ ಇಬ್ಬರು ಹೆಣ್ಣುಮಕ್ಕಳ ಟ್ರಾನ್ಸ್‌ಕ್ರಿಪ್ಟನ್ನ ತುಣುಕು ಮಾಡದ, ಮೊದಲಿಂದ ಕೊನೀತನಕ ಮತ್ತೊಮ್ಮೆ ಓದಿ ಬರೀರಿ. ಡೈರಿ ಬರಿಯಾಕಿ ಇವರಿಬ್ಬರಾಗ ಒಬ್ಬಾಕಿ ಹೌದೋ ಅಲ್ಲೋ ಅನ್ನೋದನ್ನೂ ನೋಡ್ರಿ.

ಹಿರೇಹಳ್ಳ:

ಹೌದು ಸರ್. ಒಬ್ಬಾಕಿ ಅವಳೇ.